ಲ್ಯಾಬ್ರಡಾರ್ ನಾಯಿಗೆ ಸ್ನಾನ: ಬಚ್ಚಲಲ್ಲಿ ಮಾಡಿಸಬೇಕೋ, ಮಾಳಿಗೆಯ ಮೇಲೋ?

ಪ್ರಶ್ನೆ (ನವನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 5 ವರ್ಷದ ಗಂಡು ಲ್ಯಾಬ್ರಡಾರ್ ನಾಯಿ ಇದೆ. ಹೆಸರು ರಾಜಾ, ತೂಕ 32 ಕಿಲೋ. ಈ ವರ್ಷದ ಯುಗಾದಿಯವರೆಗೆ ನಾವು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹೆಂಚಿನ ಮನೆಯಲ್ಲಿದ್ದೆವು. ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕಕ್ಕೆ ಅರಿವೆ ಒಗೆಯುವ ದೊಡ್ಡ ಕಲ್ಲು, ಅದರಾಚೆ ಪಾರಿಜಾತದ ಗಿಡ. ತಿಂಗಳಿಗೊಮ್ಮೆ ರವಿವಾರ ಬಿಸಿಲೇರಿದ ಮೇಲೆ ನಮ್ಮ ಮನೆಯವರು ನಾಲ್ಕು ಕೊಡ ನೀರು ಸೇದಿಟ್ಟರೆ ಸಾಕು, ರಾಜಾ ತಾನಾಗಿಯೇ ಹೋಗಿ ಆ ಒರಟು ಕಲ್ಲಿನ ಮೇಲೆ ನಿಲ್ಲುತ್ತಿದ್ದ. ನೀರು ಗಿಡದ ಪಾತಿಗೆ ಹರಿದು ಹೋಗುತ್ತಿತ್ತು, ಅವನು ಮೈ ಜಾಡಿಸಿದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ, ಬಿಸಿಲಿನಲ್ಲಿ ಓಡಾಡುತ್ತಲೇ ಒಣಗುತ್ತಿದ್ದ. ನಾಯಿಗೆ ಸ್ನಾನ ಮಾಡಿಸುವುದೂ ಒಂದು ಚಿಂತೆಯಾಗಬಹುದೆಂದು ನಮಗೆ ಎಂದೂ ಅನಿಸಿರಲಿಲ್ಲ.

ಈಗಿನದು ಎರಡನೆಯ ಮಹಡಿಯ ಮನೆ. ವೈಶಾಖದಲ್ಲಿ ಮೊದಲ ಸಲ ಅವನನ್ನು ಮಾಳಿಗೆಯ ಮೇಲೆ ಕರೆದೊಯ್ದೆವು. ಸಿಂಟ್ಯಾಕ್ಸ್‌ಗೆ ಜೋಡಿಸಿದ್ದ ಪೈಪು ಬೆಳಗಿನಿಂದ ಬಿಸಿಲಿನಲ್ಲಿ ಬಿದ್ದಿದ್ದುದನ್ನು ನಾನು ಗಮನಿಸಲಿಲ್ಲ. ನಳ ತಿರುಗಿಸಿದಾಗ ಪೈಪಿನೊಳಗೆ ನಿಂತಿದ್ದ ಕಾದ ನೀರೇ ಮೊದಲು ಅವನ ಬೆನ್ನಿನ ಮೇಲೆ ಬಿತ್ತು. ಅವನು ಚೀರಿ, ಮೈಮೇಲೆ ಅರ್ಧ ಸಾಬೂನಿನ ನೊರೆಯೊಂದಿಗೇ ಮೆಟ್ಟಿಲಿಳಿದು ಓಡಿ, ಕೆಳಗಿನ ಮನೆಯವರ ಬಾಗಿಲ ಮುಂದೆ ಜಾರಿ ಬಿದ್ದ. ಎರಡನೆಯ ಸಲ ಬಚ್ಚಲಲ್ಲಿ ಪ್ರಯತ್ನಿಸಿದೆವು. ನುಣುಪಾದ ಟೈಲ್ಸ್ ಮೇಲೆ ಅವನ ಹಿಂಗಾಲುಗಳು ಎರಡೂ ಕಡೆಗೆ ಜಾರಿ ಹರಡಿಕೊಂಡವು. ಅಷ್ಟು ದೊಡ್ಡ ನಾಯಿ ಗೋಡೆಗೆ ಒರಗಿ ನಡುಗುತ್ತ ನಿಂತದ್ದನ್ನು ನೋಡಿ ನನಗೇ ಕಣ್ಣೀರು ಬಂತು. ಅಂದಿನಿಂದ ಬಕೆಟ್ಟಿನ ಸಪ್ಪಳ ಕೇಳಿದರೂ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ.

ಈಗ ಆಷಾಢದ ಜಿಟಿಜಿಟಿ ಮಳೆ ಹಿಡಿದಿದೆ, ಅವನ ಮೈ ವಾಸನೆ ಬರುತ್ತಿದೆ, ಸ್ನಾನವನ್ನು ಇನ್ನು ಮುಂದೂಡುವಂತಿಲ್ಲ. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಆದ್ದರಿಂದ ನೀರಿನ ಲೆಕ್ಕವನ್ನೂ ಇಡಬೇಕು. ಅತ್ತೆಯವರು ಮಡಿಯಿಂದ ದೇವರ ಪೂಜೆಗೆ ನೀರು ತುಂಬಿಕೊಳ್ಳುವುದು ಅದೇ ಬಚ್ಚಲಿನಿಂದ. ಅವರಿಗೆ ರಾಜಾನ ಮೇಲೆ ಬಹಳ ಪ್ರೀತಿಯಿದೆ, ಆದರೆ ನಾಯಿಯ ಕೂದಲು ಬಚ್ಚಲಲ್ಲಿ ಬೀಳುವುದು ಅವರ ಮನಸ್ಸಿಗೆ ಒಗ್ಗುವುದಿಲ್ಲ, ಅದನ್ನು ನಾನು ತಪ್ಪೆನ್ನಲಾರೆ. ಒಳಗೆ ಮಾಡಿಸುವುದು ಒಳ್ಳೆಯದೋ, ಹೊರಗೋ? ನೀರು ಎಷ್ಟು ಬಿಸಿ ಇರಬೇಕು? ನಾವು ಹಚ್ಚುವ ಶಾಂಪೂ ಹಚ್ಚಬಹುದೇ? ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ 1 (ಕೇಶ್ವಾಪುರ, ಹುಬ್ಬಳ್ಳಿ)

ಅಕ್ಕಾವರಿಗೆ ನಮಸ್ಕಾರ. ನಮ್ಮದೂ ಅಪಾರ್ಟ್‌ಮೆಂಟಿನ ಮನೆ, ನಮ್ಮದೂ ಲ್ಯಾಬ್ರಡಾರ್. 6 ವರ್ಷಗಳಿಂದ ಬಚ್ಚಲಲ್ಲಿಯೇ ಸ್ನಾನ ಮಾಡಿಸುತ್ತಿದ್ದೇವೆ. ನಿಮ್ಮ ಬರಹ ಓದಿದಾಗ ನನಗೆ ಅನಿಸಿದ್ದು ಇಷ್ಟು: ರಾಜಾ ಹೆದರಿರುವುದು ನೀರಿಗಲ್ಲ, ಕಾಲು ಜಾರಿದ್ದಕ್ಕೆ. ಮಾಳಮಡ್ಡಿಯ ಕಲ್ಲು ಒರಟಾಗಿತ್ತು, ಉಗುರು ಊರಿ ನಿಲ್ಲಲು ಅವನಿಗೆ ಆಧಾರವಿತ್ತು. ಟೈಲ್ಸ್ ಮೇಲೆ ಆ ಆಧಾರ ತಪ್ಪಿದೆ. ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ, ನೆಲಕ್ಕೆ ಅಂಟುವಂತೆ ಹಾಸಿರಿ. ರಬ್ಬರಿನ ಚಾಪೆಯೂ ಆಗುತ್ತದೆ, ಆದರೆ ನಮ್ಮ ಅನುಭವದಲ್ಲಿ ಗೋಣಿಯೇ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ, ಸ್ನಾನ ಮುಗಿದ ಮೇಲೆ ಝಾಡಿಸಿ ಒಣಹಾಕಿದರೆ ಕೂದಲೂ ಉದುರಿಹೋಗುತ್ತದೆ.

ಎರಡನೆಯ ಮಾತು, ಅವನನ್ನು ನೇರವಾಗಿ ಸ್ನಾನಕ್ಕೆಂದು ಎಳೆದೊಯ್ಯಬೇಡಿರಿ. ಎಂಟು ದಿನ ಬಚ್ಚಲು ಒಣಗಿರುವಾಗ ಆ ಗೋಣಿಯ ಮೇಲೆಯೇ ಅವನ ಊಟದ ತಟ್ಟೆಯನ್ನು ಇಡಿರಿ. ಮೊದಲ ದಿನ ಬಾಗಿಲಲ್ಲಿ, ಮರುದಿನ ಹೊಸ್ತಿಲ ಒಳಗೆ, ಹೀಗೆ ದಿನಕ್ಕೊಂದು ಗೇಣು ಒಳಗೆ ಸರಿಸುತ್ತ ಹೋಗಿರಿ. ನಮ್ಮ ನಾಯಿ ಮರಿಯಾಗಿದ್ದಾಗ ಒಮ್ಮೆ ಪ್ರೆಶರ್ ಕುಕ್ಕರಿನ ಸೀಟಿಗೆ ಬೆದರಿ ಅಡುಗೆಮನೆಗೇ ಬರುವುದನ್ನು ಬಿಟ್ಟಿತ್ತು, ಇದೇ ರೀತಿ ಹತ್ತು ದಿನ ರೊಟ್ಟಿಯ ಚೂರು ಹಾಕಿ ಹಾಕಿ ಮರಳಿ ಕರೆತಂದೆವು. ತಾಳ್ಮೆ ಬೇಕು, ಬೈಯಬಾರದು.

ಸ್ನಾನದ ದಿನ ಮೊದಲು ಒಣ ಮೈಯನ್ನು ಬ್ರಷ್‌ನಿಂದ ಚೆನ್ನಾಗಿ ಬಾಚಿರಿ, ಅದನ್ನು ಬಾಲ್ಕನಿಯಲ್ಲೋ ಮಾಳಿಗೆಯಲ್ಲೋ ಮಾಡಿದರೆ ಬಚ್ಚಲಿಗೆ ಬೀಳುವ ಕೂದಲಿನಲ್ಲಿ ಬಹುಪಾಲು ಅಲ್ಲಿಯೇ ಹೋಗುತ್ತದೆ. ನಮ್ಮ ನಾಯಿಯನ್ನು ಮಳೆಗಾಲದ ಮೊದಲು ಬಾಚಿದರೆ ಒಂದು ಸಣ್ಣ ತಲೆದಿಂಬಿಗೆ ತುಂಬುವಷ್ಟು ಕೂದಲು ಬರುತ್ತದೆ. ಬಚ್ಚಲಿನ ತೂತಿಗೆ ಚಹಾ ಸೋಸುವ ಹಳೆಯ ಜಾಲರಿಯನ್ನು ಬೋರಲು ಹಾಕಿರಿ. ಶವರ್ ಬಳಸಬೇಡಿರಿ, ಅದರ ಸದ್ದಿಗೇ ಕೆಲವು ನಾಯಿಗಳು ಬೆದರುತ್ತವೆ ಮತ್ತು ನೀರು ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ಬಕೆಟ್ಟು ಮತ್ತು ತಂಬಿಗೆ ಸಾಕು. ನಮಗೆ 15 ಲೀಟರಿನ ಎರಡು ಬಕೆಟ್ಟಿನಲ್ಲಿ ಮುಗಿಯುತ್ತದೆ. ಕಾಲಿನಿಂದ ಶುರು ಮಾಡಿ, ನಂತರ ಹೊಟ್ಟೆ, ಬೆನ್ನು, ಕುತ್ತಿಗೆ ಎಂದು ಮೇಲಕ್ಕೆ ಬರಬೇಕು. ತಲೆಯನ್ನು ಕೊನೆಗೆ ಉಳಿಸಬೇಕು, ಏಕೆಂದರೆ ತಲೆ ನೆನೆದ ಕೂಡಲೇ ನಾಯಿ ಮೈ ಜಾಡಿಸುತ್ತದೆ. ಮುಖಕ್ಕೆ ನೀರು ಸುರಿಯದೆ ಹಸಿ ಅರಿವೆಯಿಂದ ಒರೆಸಿದರೆ ಸಾಕಾಗುತ್ತದೆ.

ಲ್ಯಾಬ್ರಡಾರಿನ ಕೂದಲು ಎರಡು ಪದರದ್ದು. ಮೇಲಿನದು ಎಣ್ಣೆಯಂಶವಿರುವ ಗಡಸು ಕೂದಲು, ಕೆಳಗಿನದು ಹತ್ತಿಯಂತೆ ಮೆತ್ತನೆಯದು. ನೀರು ಸುರಿದಾಗ ಮೇಲೆಯೇ ಜಾರಿ ಹೋಗುತ್ತದೆ, ಮೈ ನೆಂದಂತೆ ಕಂಡರೂ ಚರ್ಮ ಒಣಗಿಯೇ ಇರುತ್ತದೆ. ಕೂದಲಿಗೆ ಎದುರಾಗಿ ಬೆರಳಾಡಿಸುತ್ತ ನೀರನ್ನು ಒಳಗೆ ಇಳಿಸಬೇಕು. ಶಾಂಪೂವನ್ನು ನೇರವಾಗಿ ಮೈಮೇಲೆ ಹಾಕದೆ ಒಂದು ತಂಬಿಗೆ ನೀರಿನಲ್ಲಿ ಕಲಸಿ ಸುರಿದರೆ ಎಲ್ಲ ಕಡೆಗೆ ಸಮನಾಗಿ ಹರಡುತ್ತದೆ, ತೊಳೆಯುವುದಕ್ಕೂ ಕಡಿಮೆ ನೀರು ಸಾಕು. ಕೊನೆಯ ನೀರಿಗೆ ನಾನು ಒಂದು ಮುಚ್ಚಳ ಆ್ಯಂಟಿಸೆಪ್ಟಿಕ್ ದ್ರಾವಣ ಹಾಕುತ್ತೇನೆ, ನಂತರ ಹೇರ್ ಡ್ರೈಯರ್ ಹಿಡಿಯುತ್ತೇನೆ.

ಮಡಿಯ ವಿಷಯಕ್ಕೆ ಬಂದರೆ, ನಮ್ಮ ತಾಯಿಯವರದೂ ಇದೇ ಪ್ರಶ್ನೆಯಾಗಿತ್ತು. ಪೂಜೆ, ಊಟ ಎಲ್ಲ ಮುಗಿದ ಮೇಲೆ ಮಧ್ಯಾಹ್ನ 2 ಗಂಟೆಯ ನಂತರ ನಾಯಿಯ ಸ್ನಾನ ಇಟ್ಟುಕೊಂಡೆವು. ಅದರ ಬಕೆಟ್ಟು, ತಂಬಿಗೆ, ಟವೆಲ್ಲು ಎಲ್ಲ ಬೇರೆ. ಮುಗಿದ ಕೂಡಲೇ ಬಚ್ಚಲನ್ನು ತಿಕ್ಕಿ ತೊಳೆದು ಒಣಗಲು ಬಿಡುತ್ತೇವೆ. ತಾಯಿಯವರು ಒಂದು ಹಿತ್ತಾಳೆಯ ಕೊಡದಲ್ಲಿ ಮರುದಿನದ ಪೂಜೆಯ ನೀರನ್ನು ಮೊದಲೇ ತುಂಬಿ ದೇವರ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಯಾರ ಮನಸ್ಸಿಗೂ ನೋವಾಗದೆ ಇಷ್ಟು ವರ್ಷ ನಡೆದುಬಂದಿದೆ.

ಉತ್ತರ 2 (ಬೆಟಗೇರಿ, ಗದಗ)

ನಾನು ಹೊರಗೆ ಸ್ನಾನ ಮಾಡಿಸುವವರ ಪಕ್ಷದವಳು, ಆದರೆ ನಮ್ಮದು ಅಂಗಳವಿರುವ ಮನೆ ಮತ್ತು ನಮ್ಮದು ಮುಧೋಳ ನಾಯಿ. ಆ ತಳಿಗೆ ಕೂದಲು ಬಹಳ ಗಿಡ್ಡ, ಮೈಯಲ್ಲಿ ಕೊಬ್ಬು ಇಲ್ಲವೇ ಇಲ್ಲವೆನ್ನಬೇಕು. ಬೇಗ ಒಣಗುತ್ತದೆ ನಿಜ, ಆದರೆ ಅಷ್ಟೇ ಬೇಗ ಚಳಿಯೂ ಹತ್ತುತ್ತದೆ. ನಾವು ಎರಡು ತಿಂಗಳಿಗೊಮ್ಮೆ ಸ್ನಾನ ಮಾಡಿಸುತ್ತೇವೆ. ಉಳಿದ ದಿನಗಳಲ್ಲಿ ಹೊಲದಿಂದ ಬಂದಾಗ ಕಾಲಿಗೆ ಮೆತ್ತಿದ ಎರೆಮಣ್ಣನ್ನು ತೊಳೆದು, ಮೈಯನ್ನು ಹಸಿ ಅರಿವೆಯಿಂದ ಒರೆಸಿದರೆ ಚೊಕ್ಕಟವಾಗಿ ಹೊಳೆಯುತ್ತದೆ. ಎರೆಮಣ್ಣು ಬೆರಳುಗಳ ನಡುವೆ ಸೇರಿ ಒಣಗಿದರೆ ಕಲ್ಲಿನಂತಾಗುತ್ತದೆ, ಅದನ್ನು ಕೀಳಬಾರದು. ಬೆಚ್ಚಗಿನ ನೀರಿನಲ್ಲಿ ಕಾಲನ್ನು ಸ್ವಲ್ಪ ಹೊತ್ತು ಅದ್ದಿ ಇಟ್ಟರೆ ತಾನಾಗಿಯೇ ಬಿಡುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ನೀರಿನ ಬಗ್ಗೆ. ನಮ್ಮಲ್ಲಿ ತುಂಗಭದ್ರೆಯ ನೀರು ಬಂದಾಗ ಅದನ್ನು ಕುಡಿಯಲು ಮತ್ತು ಅಡುಗೆಗೆ ಕಾದಿಡುತ್ತೇವೆ, ಉಳಿದದ್ದಕ್ಕೆಲ್ಲ ಬೋರಿನ ಸವಳು ನೀರೇ ಗತಿ. ಸವಳು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆ ಬರುವುದಿಲ್ಲ, ನೀರಿನ ಸುಣ್ಣದಂಶದೊಡನೆ ಸೇರಿ ಬಿಳಿಯ ಅಂಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ನಮ್ಮ ನಾಯಿ ಒಂದು ವರ್ಷ ಮೈ ಕೆರೆದುಕೊಂಡು ಕೆರೆದುಕೊಂಡು ತೊಡೆಯ ಕೂದಲನ್ನು ಉದುರಿಸಿಕೊಂಡಿತ್ತು. ಬಟ್ಟೆ ಒಗೆಯುವ ಸಾಬೂನು ಹಚ್ಚುತ್ತಿದ್ದ ನಮ್ಮದೇ ತಪ್ಪು ಅದು. ಈಗ ಮಳೆಗಾಲದಲ್ಲಿ ಮಾಳಿಗೆಯಿಂದ ಬೀಳುವ ನೀರನ್ನು, ಮೊದಲ ಮಳೆಯದನ್ನು ಬಿಟ್ಟು, ಡ್ರಮ್ಮಿನಲ್ಲಿ ತುಂಬಿ ಮುಚ್ಚಿ ಇಡುತ್ತೇವೆ. ಮಳೆಯ ನೀರಿಗೆ ನಾಯಿಯ ಶಾಂಪೂ ಎರಡು ಚಮಚ ಸಾಕು, ನೊರೆ ಬೇಗ ಬಿಡುತ್ತದೆ, ತೊಳೆಯುವ ನೀರೂ ಉಳಿಯುತ್ತದೆ. ಮಾಳಿಗೆಯಿರುವ ನಿಮಗೆ ಆಷಾಢದ ಮಳೆ ಈ ಒಂದು ಲೆಕ್ಕಕ್ಕೆ ಅನುಕೂಲವೇ.

ಉತ್ತರ 3 (ಕೆಲಗೇರಿ, ಧಾರವಾಡ)

ನಮ್ಮ ಲ್ಯಾಬ್ರಡಾರ್‌ಗೆ ನೀರೆಂದರೆ ಪ್ರಾಣ, ಹೀಗಾಗಿ ನಾವು ಕೆರೆಗೆ ಬಿಟ್ಟು ಈಜಿಸುತ್ತಿದ್ದೆವು. ಸ್ನಾನವೂ ಆಯಿತು, ವ್ಯಾಯಾಮವೂ ಆಯಿತು ಎಂದು ನನ್ನ ತಿಳಿವಳಿಕೆಯಾಗಿತ್ತು. ನಿಮಗೂ ಅದನ್ನೇ ಸೂಚಿಸೋಣವೆಂದು ಬರೆಯಲು ಕುಳಿತವನು ಈಗ ನಾನೇ ಒಂದು ಪ್ರಶ್ನೆ ಕೇಳುವಂತಾಗಿದೆ. ಮೊನ್ನೆ ಮಳೆಯಲ್ಲಿ ಬಹಳ ಹೊತ್ತು ಈಜಿ ಬಂದ ಮರುದಿನ ಬೆಳಿಗ್ಗೆಯಿಂದ ಅದರ ಬಾಲ ಬುಡದಲ್ಲಿ ಒಂದೆರಡು ಬೆರಳಷ್ಟು ನೆಟ್ಟಗಿದ್ದು ಮುಂದಕ್ಕೆ ಹಗ್ಗದಂತೆ ಜೋತುಬಿದ್ದಿದೆ. ಮುಟ್ಟಿದರೆ ನೋವಿನಿಂದ ತಿರುಗಿ ನೋಡುತ್ತದೆ, ಕೂರಲು ಹಿಂಜರಿಯುತ್ತದೆ. ಎಲ್ಲಿಯೂ ಬಿದ್ದಿಲ್ಲ, ಪೆಟ್ಟಾಗಿಲ್ಲ. ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 4 (ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ನವನಗರದ ತಂಗಿಯವರಿಗೆ ನಮಸ್ಕಾರ. ನಾನು ನಿವೃತ್ತ ಪಶುವೈದ್ಯ. ಸೇವೆಯ ಬಹುಭಾಗವನ್ನು ಎತ್ತು, ಎಮ್ಮೆಗಳ ನಡುವೆ ಕಳೆದರೂ, ಕೊನೆಯ ವರ್ಷಗಳಲ್ಲಿ ನಾಯಿಗಳನ್ನು ಕರೆತರುವವರೇ ಹೆಚ್ಚಾಗಿದ್ದರು. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆಯಲು ಹಳ್ಳಕ್ಕೆ ಹೊಡೆದುಕೊಂಡು ಹೋಗುವಾಗ ಮನೆಯ ನಾಯಿಯೂ ಹಿಂದೆ ಹೋಗಿ ನೀರಿಗಿಳಿದು ಬರುತ್ತಿದ್ದ ಕಾಲದಲ್ಲಿ ಅದಕ್ಕೆ ಬೇರೆ ಸ್ನಾನವೆಂಬುದೇ ಇರಲಿಲ್ಲ. ನಾಯಿ ಈಗ ಪಡಸಾಲೆಯಲ್ಲಿ ಮಲಗುತ್ತದೆ, ಮಕ್ಕಳು ಅದನ್ನು ತಬ್ಬಿಕೊಳ್ಳುತ್ತಾರೆ, ಆದ್ದರಿಂದ ಸ್ನಾನ ಬೇಕು. ಆದರೆ ಅದು ನಮ್ಮ ರೀತಿಯ ಸ್ನಾನವಲ್ಲ.

ಮನುಷ್ಯನ ಚರ್ಮ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5.5 ಇರುತ್ತದೆ. ನಾಯಿಯದು 7ರ ಆಸುಪಾಸಿನಲ್ಲಿ, ಅಂದರೆ ಹೆಚ್ಚುಕಡಿಮೆ ತಟಸ್ಥ. ನಮ್ಮ ಚರ್ಮದ ಹೊರಪದರದಲ್ಲಿ 10ರಿಂದ 15 ಸಾಲು ಜೀವಕೋಶಗಳಿದ್ದರೆ ನಾಯಿಗೆ ಇರುವುದು 3ರಿಂದ 5 ಸಾಲು ಮಾತ್ರ. ಕೂದಲಿನ ಹೊದಿಕೆಯೇ ಅದಕ್ಕೆ ರಕ್ಷಣೆ. ನಮ್ಮ ಶಾಂಪೂವಾಗಲಿ, ಬಟ್ಟೆಯ ಸಾಬೂನಾಗಲಿ ಆ ತೆಳುವಾದ ಚರ್ಮದ ಎಣ್ಣೆಯಂಶವನ್ನು ತೆಗೆದುಹಾಕುತ್ತದೆ. ಆಮೇಲೆ ತುರಿಕೆ, ತುರಿಕೆಯಿಂದ ಗಾಯ, ಗಾಯದಿಂದ ಕೀವು. ಬೆಟಗೇರಿಯ ತಾಯಿ ಬರೆದಿರುವುದು ಅಕ್ಷರಶಃ ಸರಿ. ನಾಯಿಗೆಂದೇ ತಯಾರಿಸಿದ ಸಾಧಾರಣ ಶಾಂಪೂ ಬಳಸಿರಿ. ಕಾಯಿಲೆ ಇಲ್ಲದ ಲ್ಯಾಬ್ರಡಾರಿಗೆ ತಿಂಗಳಿಗೊಂದು ಸ್ನಾನ ಸಾಕು, ವಾರಕ್ಕೊಮ್ಮೆ ಬೇಡ. ವೈದ್ಯರು ಔಷಧದ ಶಾಂಪೂ ಕೊಟ್ಟಿದ್ದರೆ ಅವರು ಹೇಳಿದಷ್ಟು ಸಲ ಮಾಡಿಸಬೇಕು, ಮತ್ತು ಅದನ್ನು ಹಚ್ಚಿದ ಮೇಲೆ 10 ನಿಮಿಷ ಗಡಿಯಾರ ನೋಡಿ ಬಿಡಬೇಕು. ಹಚ್ಚಿದ ಕೂಡಲೇ ತೊಳೆದು, ಔಷಧದಿಂದ ಗುಣವಾಗಲಿಲ್ಲವೆಂದು ಮರಳಿ ಬರುತ್ತಿದ್ದವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಕೇಶ್ವಾಪುರದವರ ಕ್ರಮ ಬಹುತೇಕ ಮೆಚ್ಚುವಂಥದು, ಎರಡು ವಿಷಯಗಳಲ್ಲಿ ಮಾತ್ರ ತಿದ್ದಬೇಕಾಗಿದೆ. ಆ್ಯಂಟಿಸೆಪ್ಟಿಕ್ ದ್ರಾವಣವನ್ನು ಕೊನೆಯ ನೀರಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿರಿ. ನಾಯಿ ಒಣಗುವಾಗ ತನ್ನ ಮೈಯನ್ನು ತಾನೇ ನೆಕ್ಕುತ್ತದೆ, ಆ ದ್ರಾವಣ ಹೊಟ್ಟೆಗೆ ಹೋಗುತ್ತದೆ, ಚರ್ಮಕ್ಕೂ ಉರಿ. ಮನೆಯಲ್ಲಿ ಬೆಕ್ಕು ಇದ್ದರಂತೂ ಇನ್ನೂ ಅಪಾಯ. ಬಚ್ಚಲಿಗೆ ಫಿನೈಲ್ ಹಾಕಿದ್ದರೆ ನಾಯಿ ಒಳಗೆ ಬರುವ ಮೊದಲು ಪೂರ್ತಿ ನೀರು ಹೊಡೆದು ತೊಳೆಯಿರಿ. ಇನ್ನು ಹೇರ್ ಡ್ರೈಯರನ್ನು ಒದ್ದೆ ಬಚ್ಚಲಲ್ಲಿ ಎಂದೂ ಚಾಲೂ ಮಾಡಬಾರದು. ಒಣ ಕೋಣೆಗೆ ಬಂದು, ಬಿಸಿಯನ್ನು ಕಡಿಮೆ ಇಟ್ಟು, ಒಂದಡಿ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಹಿಡಿಯಬೇಕು. ಇದಕ್ಕಿಂತ ಮುಖ್ಯವಾದ ಮಾತು, ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡ್ ಇಟ್ಟಿರುವಾಗ ನಾಯಿಯನ್ನು ಬಚ್ಚಲೊಳಗೆ ಬಿಡಲೇಬಾರದು. ನೀರು ಕಾಯಿಸಿ, ಪ್ಲಗ್ ತೆಗೆದು, ರಾಡನ್ನು ಹೊರಗಿಟ್ಟ ಮೇಲೆಯೇ ಅದನ್ನು ಕರೆಯಿರಿ.

ನೀರಿನ ಬಿಸಿಯ ಬಗ್ಗೆ ಕೇಳಿದ್ದೀರಿ. ನಾಯಿಯ ಮೈಬಿಸಿ ಸಹಜವಾಗಿಯೇ ನಮಗಿಂತ ಹೆಚ್ಚು, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೆ ನಮ್ಮಂತೆ ಮೈತುಂಬ ಬೆವರುವ ಅನುಕೂಲವಿಲ್ಲ, ಬಿಸಿಯನ್ನು ಮುಖ್ಯವಾಗಿ ತೇಕುತ್ತಲೇ ಹೊರಹಾಕಬೇಕು. ಹೀಗಾಗಿ ನಮಗೆ ಹಿತವೆನಿಸುವ ಬಿಸಿನೀರು ಅದಕ್ಕೆ ಹೆಚ್ಚಾಗುತ್ತದೆ. ನಿಮ್ಮ ಮುಂಗೈಯ ಒಳಭಾಗಕ್ಕೆ ಸುರಿದುಕೊಂಡಾಗ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನಿಸುವ ನೀರು ಸರಿ. ಮಾಳಿಗೆಯ ಮೇಲೆ ಕಾದ ನೀರು ಬಿದ್ದ ಜಾಗವನ್ನು ಒಮ್ಮೆ ಹಗಲಿನ ಬೆಳಕಿನಲ್ಲಿ ಕೂದಲನ್ನು ಬಿಡಿಸಿ ನೋಡಿರಿ. ದಟ್ಟ ಕೂದಲಿನ ಕೆಳಗೆ ಸುಟ್ಟ ಗುರುತು ತಕ್ಷಣ ಕಾಣಿಸದೆ ದಿನಗಳ ಮೇಲೆ ಕೂದಲು ಉದುರಿದಾಗ ಕಾಣಿಸುವುದುಂಟು. ಪಕಳೆ ಎದ್ದಿದ್ದರೆ ಅಥವಾ ಮುಟ್ಟಿದರೆ ನೋಯುತ್ತಿದ್ದರೆ ಸ್ನಾನವನ್ನು ಮುಂದೂಡಿ ಮೊದಲು ವೈದ್ಯರಿಗೆ ತೋರಿಸಿರಿ.

ಕಿವಿಯ ಬಗ್ಗೆ ಯಾರೂ ಬರೆದಿಲ್ಲ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಯಿಯ ಕಿವಿಯ ನಾಳ ನೇರವಾಗಿಲ್ಲ. ಮೊದಲು ಕೆಳಕ್ಕಿಳಿದು, ನಂತರ ಒಳಕ್ಕೆ ತಿರುಗುತ್ತದೆ. ಒಳಗೆ ಹೋದ ನೀರು ಆ ತಿರುವಿನಲ್ಲಿ ನಿಂತುಬಿಡುತ್ತದೆ. ಲ್ಯಾಬ್ರಡಾರಿಗೆ ಜೋಲು ಕಿವಿ ಬೇರೆ, ಗಾಳಿ ಆಡುವುದಿಲ್ಲ, ಮಳೆಗಾಲದಲ್ಲಿ ಅಲ್ಲಿ ಬೂಷ್ಟು ಬೆಳೆಯಲು ಎರಡು ದಿನ ಬೇಡ. ಸ್ನಾನಕ್ಕೆ ಮೊದಲು ಎರಡೂ ಕಿವಿಗೆ ನೆಲ್ಲಿಕಾಯಿ ಗಾತ್ರದ ಹತ್ತಿಯ ಉಂಡೆಯನ್ನು ಒತ್ತದೆ ಹಗುರಾಗಿ ಇಟ್ಟು, ಮುಗಿದ ಮೇಲೆ ಮರೆಯದೆ ತೆಗೆದು, ಕಿವಿಯ ಎಲೆಯ ಒಳಮೈಯನ್ನು ಒಣ ಅರಿವೆಯಿಂದ ಒರೆಸಿರಿ. ಕಡ್ಡಿ ಹಾಕಬೇಡಿರಿ. ರಾಜಾನ ಮೈ ವಾಸನೆ ಬರುತ್ತಿದೆ ಎಂದಿದ್ದೀರಿ. ಆ ವಾಸನೆ ಕಿವಿಯಿಂದಲೇ ಬರುತ್ತಿದೆಯೇ ಎಂದು ಮೂಗು ಹತ್ತಿರ ತಂದು ನೋಡಿರಿ. ಕಂದು ಬಣ್ಣದ ಜಿಡ್ಡು, ಹುಳಿ ವಾಸನೆ, ತಲೆ ಕೊಡವುವುದು ಇದ್ದರೆ ಎಷ್ಟು ಸ್ನಾನ ಮಾಡಿಸಿದರೂ ಅದು ಹೋಗುವುದಿಲ್ಲ, ಔಷಧ ಬೇಕಾಗುತ್ತದೆ.

ಉಣ್ಣೆಗಳ ಕಾಲವೂ ಇದೇ ಆಗಿರುವುದರಿಂದ ಒಂದು ಎಚ್ಚರಿಕೆ. ನಮ್ಮ ಕಡೆ ಉಣ್ಣೆ ಬಿಡಿಸಲು ಸೀಮೆಎಣ್ಣೆ ಹಚ್ಚುವ, ತಂಬಾಕಿನ ನೀರು ಸುರಿಯುವ ರೂಢಿ ಇನ್ನೂ ಇದೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಪುಪ್ಪುಸಕ್ಕೆ ಇಳಿಯುತ್ತದೆ. ತಂಬಾಕಿನ ನಿಕೋಟಿನ್ ನೇರವಾಗಿ ವಿಷ. ಬೇವಿನ ಎಲೆ ಕುದಿಸಿದ ನೀರಿನಿಂದ ಕೇಡಿಲ್ಲ, ಆದರೆ ಕಚ್ಚಿಕೊಂಡ ಉಣ್ಣೆ ಅದಕ್ಕೆ ಬಿಡುವುದಿಲ್ಲ. ಕಂದು ಉಣ್ಣೆಯ ಹೆಣ್ಣು ರಕ್ತ ಕುಡಿದು ಉದುರಿದ ಮೇಲೆ ಗೋಡೆಯ ಬಿರುಕಿನಲ್ಲಿ, ಹಾಸಿಗೆಯ ಅಂಚಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಸ್ನಾನದಿಂದ ಹೋಗುವುದು ಮೈಮೇಲಿನವು ಮಾತ್ರ. ಬೆನ್ನಿಗೆ ಹಾಕುವ ಹನಿ ಔಷಧ ಬಳಸುತ್ತಿದ್ದರೆ ಅದರ ಹಿಂದೆ ಮುಂದೆ 48 ಗಂಟೆ ಸ್ನಾನ ಬೇಡ, ಇಲ್ಲವಾದರೆ ಔಷಧ ನೀರುಪಾಲಾಗುತ್ತದೆ. ನುಂಗಿಸುವ ಮಾತ್ರೆಗೆ ಈ ನಿರ್ಬಂಧವಿಲ್ಲ.

ಕೆಲಗೇರಿಯ ತಮ್ಮನಿಗೆ: ನೀವು ವರ್ಣಿಸಿದ್ದು ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಲ್ಯಾಬ್ರಡಾರುಗಳಿಗೆ ಬರುವ ಬಾಲದ ಸ್ನಾಯುಗಳ ನೋವಿಗೆ ಸರಿಯಾಗಿ ಹೊಂದುತ್ತದೆ. ತಣ್ಣೀರಿನಲ್ಲಿ ಸ್ನಾನ ಮಾಡಿಸಿದಾಗಲೂ ಇದು ಬರುವುದುಂಟು. ವಿಶ್ರಾಂತಿ ಕೊಟ್ಟು, ಬೆಚ್ಚಗಿಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಬಾಲ ಮೇಲೇಳುತ್ತದೆ. ಆದರೂ ಮೂಳೆ ಮುರಿದಿಲ್ಲವೆಂದು ಒಮ್ಮೆ ವೈದ್ಯರಿಂದ ಖಚಿತಪಡಿಸಿಕೊಳ್ಳಿರಿ, ನಮಗೆ ಕೊಡುವ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿರಿ. ಮಳೆಗಾಲದ ನಿಂತ ನೀರಿನಲ್ಲಿ ಇಲಿಗಳ ಮೂತ್ರದಿಂದ ಹರಡುವ ಇಲಿ ಜ್ವರದ ಭಯವೂ ಇದೆ, ಅದು ನಾಯಿಗೆ ಬಂದು ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ. ಪ್ರತಿವರ್ಷದ ಲಸಿಕೆಯಲ್ಲಿ ಅದೂ ಸೇರಿದೆಯೇ ಎಂದು ಕೇಳಿಕೊಳ್ಳಿರಿ.

ಕೊನೆಗೆ ನಿಮ್ಮ ಮೂಲ ಪ್ರಶ್ನೆ. ಒಳಗೋ ಹೊರಗೋ ಎಂಬುದನ್ನು ಋತು ನಿರ್ಧರಿಸಲಿ. ಫಾಲ್ಗುಣದ ನಂತರ ಬೆಳಗಿನ 9 ಗಂಟೆಯೊಳಗೆ ಮಾಳಿಗೆ ಒಳ್ಳೆಯದು, ಆದರೆ ಅಂಗಾಲು ಸುಡುವ ಮಧ್ಯಾಹ್ನ ಬೇಡ. ನಿಮ್ಮ ಅಂಗೈಯನ್ನು ನೆಲದ ಮೇಲೆ ಸ್ವಲ್ಪ ಹೊತ್ತು ಇಡಲಾಗದಿದ್ದರೆ ನಾಯಿಯ ಕಾಲನ್ನೂ ಇಡಿಸಬಾರದು. ಆಷಾಢದಿಂದ ದಸರೆಯವರೆಗೆ ಮತ್ತು ಚಳಿಯ ದಿನಗಳಲ್ಲಿ ಬಚ್ಚಲೇ ಲೇಸು. ಈಗಿನ ಹವೆಯಲ್ಲಿ ಹೊರಗೆ ನೆನೆದ ಒಳಪದರದ ಕೂದಲು ಸಂಜೆಯಾದರೂ ಒಣಗುವುದಿಲ್ಲ, ಆ ಹಸಿಯಲ್ಲಿ ಚರ್ಮ ಬೆಂದಂತೆ ಕೆಂಪಾಗಿ ಒಂದೇ ರಾತ್ರಿಯಲ್ಲಿ ರೂಪಾಯಿ ಅಗಲದ ಹುಣ್ಣಾಗುತ್ತದೆ. ಎಲ್ಲಿ ಮಾಡಿಸಿದರೂ ಒಣಗಿಸುವುದಕ್ಕೆ ಸ್ನಾನದ ಎರಡರಷ್ಟು ಸಮಯ ಇಟ್ಟುಕೊಳ್ಳಿರಿ.

ಪ್ರಶ್ನೆ ಕೇಳಿದವರು (ನವನಗರ, ಹುಬ್ಬಳ್ಳಿ)

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರವಿವಾರ ರಾಜಾನ ಸ್ನಾನವಾಯಿತು. ಹನ್ನೊಂದು ದಿನ ಗೋಣಿಯ ಮೇಲೆ ಊಟ ಹಾಕಿದೆವು. ಮೊದಲ ಮೂರು ದಿನ ಮುಂಗಾಲು ಮಾತ್ರ ಒಳಗಿಟ್ಟು, ಹಿಂಗಾಲನ್ನು ಹೊಸ್ತಿಲ ಹೊರಗೇ ಇಟ್ಟುಕೊಂಡು, ಕುತ್ತಿಗೆ ಚಾಚಿ ಉಣ್ಣುತ್ತಿದ್ದ. ಎಂಟನೆಯ ದಿನ ತಟ್ಟೆ ನೆಕ್ಕಿ ಮುಗಿಸಿದವನು ಅಲ್ಲಿಯೇ ಕುಳಿತುಕೊಂಡ.

ಸರ್ ಹೇಳಿದಂತೆ ಬೆನ್ನಿನ ಕೂದಲನ್ನು ಬಿಡಿಸಿ ನೋಡಿದೆವು, ಚರ್ಮ ಚೆನ್ನಾಗಿಯೇ ಇದೆ. ಆದರೆ ಎಡಗಿವಿಯಲ್ಲಿ ನೀವು ಬರೆದ ಅದೇ ಕಂದು ಜಿಡ್ಡು ಇತ್ತು. ಸ್ನಾನಕ್ಕೆ ಮೊದಲೇ ವೈದ್ಯರಲ್ಲಿಗೆ ಕರೆದೊಯ್ದು ತೋರಿಸಿದೆವು, ಕಿವಿಯನ್ನು ಸ್ವಚ್ಛ ಮಾಡಿ ಹನಿ ಔಷಧ ಕೊಟ್ಟಿದ್ದಾರೆ, 10 ದಿನ ಹಾಕಬೇಕು. ವಾಸನೆಯ ಅರ್ಧ ಭಾಗ ಅಲ್ಲಿಂದಲೇ ಬರುತ್ತಿತ್ತೆಂದು ಈಗ ತಿಳಿಯಿತು.

ಬೆಟಗೇರಿಯ ಅಕ್ಕಾವರ ಮಾತಿನಂತೆ ಮಾಳಿಗೆಯ ಕೊಳವೆಯ ಕೆಳಗೆ ಡ್ರಮ್ಮು ಇಟ್ಟು ತುಂಬಿದ ಮಳೆಯ ನೀರನ್ನೇ ಕಾಯಿಸಿಕೊಂಡೆವು. ಮೂರು ಬಕೆಟ್ಟು ಹಿಡಿಯಿತು, ಮುಂದಿನ ಸಲ ಎರಡಕ್ಕೆ ಇಳಿಸಬಹುದೆಂದು ತೋರುತ್ತದೆ. ಕಂಕುಳು ಮತ್ತು ತೊಡೆಯ ಸಂದಿಯಲ್ಲಿ ನೊರೆ ಉಳಿದದ್ದು ಬೆರಳಿಗೆ ಜಾರುಜಾರಾಗಿ ತಿಳಿಯುತ್ತಿದ್ದುದರಿಂದ ಅಲ್ಲಿ ಮತ್ತೆ ಮತ್ತೆ ತೊಳೆದೆವು. ಒಮ್ಮೆ ಮಾತ್ರ ಮೈ ಜಾಡಿಸಿದ. ನಡುಗಲಿಲ್ಲ.

ಅತ್ತೆಯವರು ಪೂಜೆಯ ನೀರನ್ನು ಹಿಂದಿನ ರಾತ್ರಿಯೇ ಎತ್ತಿಟ್ಟುಕೊಂಡಿದ್ದರು. ಸ್ನಾನ ಮುಗಿದು ನಾವು ಎರಡು ಟವೆಲ್ಲಿನಿಂದ ಒರೆಸುತ್ತಿದ್ದಾಗ ಅವರೇ ಪೆಟ್ಟಿಗೆಯಿಂದ ತಮ್ಮ ಹಳೆಯ ಕೌದಿಯೊಂದನ್ನು ತಂದು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಹಾಸಿದರು. ರಾಜಾ ಅದರ ಮೇಲೆ ಬೆನ್ನು ಉಜ್ಜುತ್ತ ಹೊರಳಾಡಿದ. ಹೊಟ್ಟೆಯ ಕೂದಲು ಪೂರ್ತಿ ಒಣಗಲು ಎರಡು ತಾಸು ಹಿಡಿಯಿತು, ಅಲ್ಲಿಯವರೆಗೂ ಅವರು ಪಕ್ಕದಲ್ಲಿ ಕುಳಿತು ಕೈಯಾಡಿಸುತ್ತಲೇ ಇದ್ದರು. ಕೆಲಗೇರಿಯವರ ನಾಯಿಯ ಬಾಲ ಈಗ ಹೇಗಿದೆ, ತಿಳಿಸಿರಿ.

ಉತ್ತರ 5 (ಕೆಲಗೇರಿ, ಧಾರವಾಡ)

ವೈದ್ಯರಿಗೆ ತೋರಿಸಿದೆವು, ಮೂಳೆ ಮುರಿದಿಲ್ಲ, ಸರ್ ಹೇಳಿದ್ದೇ ಆಗಿತ್ತು. ಐದನೆಯ ದಿನಕ್ಕೆ ಬಾಲ ಅರ್ಧ ಎದ್ದಿತು, ಈಗ ಪೂರ್ತಿ ಆಡಿಸುತ್ತದೆ. ಕೆರೆಗೆ ಬಿಡುವುದನ್ನು ನಿಲ್ಲಿಸಿದ್ದೇವೆ. ನಾಳೆ ಗೋಣಿಚೀಲ ತರುತ್ತೇನೆ.